ದಂಡಿನ ಸ್ಟೇಷನ್ನೂ ಬಂಬೂ ಬಜಾರೂ

ಬೆಂಗಳೂರೆಂಬುದು ಆದಿಯಿಂದಲೂ ಒಂದೇ ಊರಾಗಿತ್ತೆಂದು ಇಂದಿನವರು ಭಾವಿಸುವುದು ಸಹಜವೇ ಆದರೂ, ಚಿಕ್ಕಪೇಟೆಯ ಹಿರಿಯರು ಕಬ್ಬನ್ ಪಾರ್ಕನ್ನು ದಾಟಿ ಪೂರ್ವಕ್ಕೆ ಹೋಗಬೇಕಾದಾಗ ‘ದಂಡಿಗೆ ಹೋಗಿ ಬರುತ್ತೇನೆ’ ಎಂದು, ಪರಸ್ಥಳಕ್ಕೆ ಹೊರಟವರಂತೆ ಮನೆಯಲ್ಲಿ ಹೇಳಿ ಹೊರಡುತ್ತಿದ್ದ ಕಾಲವು ಬಹಳ ಹಿಂದಿನದೇನೂ ಅಲ್ಲ. 1809ರಲ್ಲಿ ಹಲಸೂರಿನ ಬಳಿ ಬ್ರಿಟಿಷರ ಸೈನ್ಯವು ಬೀಡುಬಿಟ್ಟಂದಿನಿಂದ, 1947ರ ಜುಲೈ ತಿಂಗಳಲ್ಲಿ ಆ ಪ್ರದೇಶವು ಮೈಸೂರು ಸಂಸ್ಥಾನಕ್ಕೆ ಮರಳುವವರೆಗೆ, ಪೇಟೆಗೊಂದು ಆಡಳಿತ ದಂಡಿಗೊಂದು ಆಡಳಿತವೆಂಬಂತೆ ಎರಡು ಊರುಗಳು ಅಕ್ಕಪಕ್ಕದಲ್ಲಿ ಬಾಳಿದುವು. 1949ರಲ್ಲಿ ಎರಡನ್ನೂ ಒಂದು ಕಾರ್ಪೊರೇಷನ್ನಿನ ಅಧೀನಕ್ಕೆ ತಂದರು. ಕಾಗದದ ಮೇಲೆ ನೆರವೇರಿದ ಆ ಐಕ್ಯವು ನೆಲದ ಮೇಲೆ ಇನ್ನೂ ಸಂಪೂರ್ಣವಾಗಿಲ್ಲವೆಂಬುದಕ್ಕೆ ಸಾಕ್ಷಿ ಬೇಕಾದವರು, ವಸಂತನಗರಕ್ಕೂ ಶಿವಾಜಿನಗರಕ್ಕೂ ಹತ್ತಿರದಲ್ಲಿರುವ ದಂಡಿನ ರೈಲು ನಿಲ್ದಾಣಕ್ಕೆ ಒಮ್ಮೆ ಹೋಗಿ ನೋಡಬಹುದು.

ರೈಲು ಮೊದಲು ಬಂದದ್ದು ಪೇಟೆಗಲ್ಲ, ದಂಡಿಗೆ. ಮದ್ರಾಸ್ ರೈಲ್ವೆ ಕಂಪೆನಿಯು ಜೋಲಾರಪೇಟೆಯಿಂದ ಹಾಸಿದ ಹಳಿಯು 1864ರಲ್ಲಿ ಇಲ್ಲಿಗೆ ಬಂದು ಮುಟ್ಟಿತು. ಸಿಪಾಯಿಗಳನ್ನೂ ಮದ್ದುಗುಂಡನ್ನೂ ಮದರಾಸಿನಿಂದ ಶೀಘ್ರವಾಗಿ ತರಿಸಿಕೊಳ್ಳುವುದಕ್ಕೆ ಅನುಕೂಲವಾಗಬೇಕೆಂಬ ಆಲೋಚನೆಯು ಆ ಕಾರ್ಯದ ಹಿಂದಿತ್ತೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. ಮೈಸೂರಿನ ಕಡೆಗೆ ಹಳಿ ಪೂರ್ಣಗೊಂಡುದು 1882ರಲ್ಲಿ, ಧಾತು ಈಶ್ವರ ಸಂವತ್ಸರಗಳ ಭೀಕರ ಕ್ಷಾಮವು ಕಳೆದ ಮೇಲೆ. 1898ರ ಪ್ಲೇಗು ಜನರನ್ನು ಇಕ್ಕಟ್ಟಿನ ಕೇರಿಗಳಿಂದ ಹೊರಕ್ಕಟ್ಟಿದಾಗ, ಪೇಟೆಯವರಿಗೆ ಬಸವನಗುಡಿ ಮಲ್ಲೇಶ್ವರಗಳು ಹುಟ್ಟಿದ ಹಾಗೆಯೇ, ದಂಡಿನವರಿಗೆ ಹಳಿಯ ಉತ್ತರಕ್ಕೆ ಫ್ರೇಸರ್ ಟೌನ್ ಮೊದಲಾದ ಬಡಾವಣೆಗಳು ತಲೆಯೆತ್ತಿದುವು. ಹಳಿಯ ದಕ್ಷಿಣದಲ್ಲಿದ್ದ ಬ್ಲ್ಯಾಕ್‌ಪಲ್ಲಿ ಇಂದಿನ ಶಿವಾಜಿನಗರ. ಅಲ್ಲಿಯ ರಸೆಲ್ ಮಾರುಕಟ್ಟೆಯ ಕಟ್ಟಡಕ್ಕೆ ಇನ್ನೇನು ನೂರು ವರ್ಷ.

ಈ ನಿಲ್ದಾಣದ ನಿಜವಾದ ಯಜಮಾನರು ಯಾರೆಂದು ತಿಳಿಯಬೇಕಾದರೆ ಬೆಳಗಿನ ಹೊತ್ತು ಪೂರ್ವದಿಂದ ಬರುವ ಪ್ಯಾಸೆಂಜರ್ ಗಾಡಿಗಳನ್ನು ನೋಡಬೇಕು. 2001ರ ಫೆಬ್ರವರಿಯಲ್ಲಿ ಕೋಲಾರದ ಚಿನ್ನದ ಗಣಿಗಳ ಬಾಗಿಲು ಮುಚ್ಚಿದ ಮೇಲೆ, ನೆಲದಡಿಯಲ್ಲಿ ಮೂರು ತಲೆಮಾರು ದುಡಿದ ಮನೆತನಗಳ ಮಕ್ಕಳು ಮೇಲಿನ ಜಗತ್ತಿನಲ್ಲಿ ಕೆಲಸವನ್ನರಸಿಕೊಂಡು ನಿತ್ಯವೂ ಬೆಂಗಳೂರಿಗೆ ಬಂದು ಹೋಗುವವರಾದರು. ಅವರ ಜೊತೆಗೆ ಬಂಗಾರಪೇಟೆ ಮಾಲೂರಿನವರೂ ಸೇರಿಕೊಂಡು, ಒಂದೊಂದು ಗಾಡಿಯೂ ಬಾಗಿಲಿನಲ್ಲಿ ಜೋತಾಡುವವರನ್ನು ಹೊತ್ತುಕೊಂಡೇ ಬರುತ್ತದೆ. ಗಾಡಿ ಇನ್ನೂ ಪೂರ್ತಿಯಾಗಿ ನಿಲ್ಲುವ ಮೊದಲೇ ಹಾರಿಳಿದು, ಊಟದ ಡಬ್ಬಿಯ ಚೀಲವನ್ನು ಎದೆಗವಚಿಕೊಂಡು, ಮೇಲುಸೇತುವೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಏರುವ ಈ ಜನರಿಗೆ ಹೊರಗೆ ದೊರೆಯುವುದು ಬಸ್ಸು, ಆಟೋ, ಇಲ್ಲವೆ ತಮ್ಮ ಕಾಲು. ಸಂಜೆಯ ಗಾಡಿ ತಪ್ಪಿದರೆ ಮನೆ ಸೇರುವುದು ನಡುರಾತ್ರಿ. ಇಂಥವರಿಗೆ ಹತ್ತು ನಿಮಿಷವೆಂಬುದು ದೊಡ್ಡ ಮೊತ್ತ.

ಮೆಟ್ರೊ ವಿವಾದದ ಮರ್ಮವೂ ಈ ಹತ್ತು ನಿಮಿಷದಲ್ಲೇ ಅಡಗಿದೆ. ಎರಡನೆಯ ಹಂತದಲ್ಲಿ ಬನ್ನೇರುಘಟ್ಟ ರಸ್ತೆಯ ಕಾಳೇನ ಅಗ್ರಹಾರದಿಂದ ನಾಗವಾರದವರೆಗೆ ಸುಮಾರು 21 ಕಿಲೋಮೀಟರು ಉದ್ದಕ್ಕೆ, ಅದರಲ್ಲಿ 13 ಕಿಲೋಮೀಟರಿಗೂ ಹೆಚ್ಚು ಭಾಗ ನೆಲದಡಿಯಲ್ಲಿ, ಒಂದು ಮಾರ್ಗವನ್ನು ಹಾಕಬೇಕೆಂದು ಯೋಜಿಸಿ, 2014ರಲ್ಲಿ ಕೇಂದ್ರದ ಒಪ್ಪಿಗೆಯನ್ನೂ ಪಡೆದರು. ಆಗಿನ ಯೋಜನಾ ವರದಿಯ ಪ್ರಕಾರ ನೆಲದಡಿಯ ನಿಲ್ದಾಣವೊಂದು ದಂಡಿನ ರೈಲು ನಿಲ್ದಾಣದ ಮಗ್ಗುಲಲ್ಲೇ ಬರಬೇಕಾಗಿತ್ತು. ಕೆಲವು ವರ್ಷಗಳ ತರುವಾಯ ಮೆಟ್ರೊ ನಿಗಮವು ಆ ಸ್ಥಾನವನ್ನು ಬಿಟ್ಟು, ಪೂರ್ವಕ್ಕೆ ಸರಿದು, ಬಂಬೂ ಬಜಾರಿನಲ್ಲಿ ನಿಲ್ದಾಣ ಕಟ್ಟುವುದಾಗಿ ನಿರ್ಧರಿಸಿತು. ಮಾರ್ಗ ನೇರವಾಗುತ್ತದೆ, ವೆಚ್ಚ ತಗ್ಗುತ್ತದೆ, ರೈಲ್ವೆಯ ಭೂಮಿಯ ತೊಡಕಿಲ್ಲದೆ ಕೆಲಸ ಬೇಗ ಸಾಗುತ್ತದೆ ಎಂಬುದು ನಿಗಮದ ಸಮಾಧಾನ. ಹಾಗಾದರೆ ರೈಲಿನಿಂದಿಳಿದ ಪ್ರಯಾಣಿಕನು ಗಂಟುಮೂಟೆ ಹೊತ್ತುಕೊಂಡು ಸುಮಾರು ಒಂದು ಕಿಲೋಮೀಟರು ನಡೆಯಬೇಕಾಗುತ್ತದೆಂಬುದು ನಾಗರಿಕ ಸಂಘಟನೆಗಳ ಆಕ್ಷೇಪ. ಸರ್ಕಾರವು ಒಪ್ಪಿದ ನಕ್ಷೆಯನ್ನು ಜನರ ಅಭಿಪ್ರಾಯ ಕೇಳದೆ ಬದಲಿಸಿದುದು ಹೇಗೆಂಬುದು ಇನ್ನೊಂದು ಆಕ್ಷೇಪ. ನನಗೆ ತೋರುವಂತೆ, ಮೊದಲನೆಯದಕ್ಕಿಂತ ಇದೇ ತೂಕದ್ದು.

ಬಂಬೂ ಬಜಾರಿನವರಾದರೂ ಈ ಭಾಗ್ಯವನ್ನು ಬೇಡಿಕೊಂಡವರಲ್ಲ. ಮನೆಯೆತ್ತರದ ಬಿದಿರುಗಳನ್ನು ಗೋಡೆಗೊರಗಿಸಿ ಸಾಲಾಗಿ ನಿಲ್ಲಿಸಿ, ಅವುಗಳ ಬುಡದಲ್ಲಿ ಸರ್ವೆ ಕಂಬಗಳನ್ನೂ ಸುರುಳಿ ಸುತ್ತಿದ ಚಾಪೆಗಳನ್ನೂ ಒಟ್ಟಿ, ಸಾರುವೆಗೆ, ಚಪ್ಪರಕ್ಕೆ, ಏಣಿಗೆ ಬೇಕಾದುದನ್ನು ಆರಿಸಿಕೊಡುವ ಅಂಗಡಿಗಳ ಬೀದಿಯಿದು. ಕೆಲಸಗಾರನು ಬಿದಿರಿನ ತುದಿಗೆ ಕತ್ತಿಯ ಬಾಯಿಟ್ಟು ಒಂದು ಪೆಟ್ಟು ಹಾಕಿದನೆಂದರೆ, ಅದು ಗಿಣ್ಣಿನಿಂದ ಗಿಣ್ಣಿಗೆ ಚಟಚಟನೆ ಸೀಳುತ್ತ ಬುಡದವರೆಗೆ ಎರಡಾಗಿ ಬಿಡುತ್ತದೆ. ಸೀಳಿದ ಬಿಳಿಯ ಒಳಮೈಯನ್ನು ಅವನು ಹೆಬ್ಬೆರಳಿನಿಂದ ಸವರಿ, ಹುಳು ಹಿಡಿದಿಲ್ಲವೆಂದು ಖಾತ್ರಿ ಮಾಡಿಕೊಂಡು, ಪಕ್ಕಕ್ಕಿಡುತ್ತಾನೆ. ನಗರದ ಮುಗಿಲೆತ್ತರದ ಕಟ್ಟಡಗಳಿಗೆ ಕಬ್ಬಿಣದ ಸಾರುವೆ ಬಂದ ಮೇಲೂ ಈ ವ್ಯಾಪಾರ ಪೂರ್ತಿಯಾಗಿ ನಿಂತಿಲ್ಲ. ಇಲ್ಲಿ ಇದ್ದುದೊಂದು ಆಟದ ಬಯಲು, ಒತ್ತೊತ್ತಾದ ಈ ಕೇರಿಗಳ ಹುಡುಗರು ಚೆಂಡಾಡಲು ಕಾಲಿಡಬಹುದಾಗಿದ್ದ ಜಾಗ. ನಿಲ್ದಾಣಕ್ಕೆ ಅದು ಬೇಕೆಂದಾಗ ಇವರೂ ಪ್ರತಿಭಟಿಸಿದರು. ಹೀಗೆ ನಿಲ್ದಾಣ ಬೇಕೆಂದವರಿಗೆ ಅದು ದೊರೆಯಲಿಲ್ಲ, ಬೇಡವೆಂದವರಿಗೆ ದೊರೆಯಿತು. ಯೋಜನೆಗಳ ಇತಿಹಾಸದಲ್ಲಿ ಇದು ಅಪೂರ್ವ ಘಟನೆಯೆಂದು ಹೇಳಲಾರೆ.

ನಿಗಮದ ಪರವಾಗಿ ಆಡಬೇಕಾದ ಮಾತನ್ನು ಆಡಿಬಿಡುವುದು ನ್ಯಾಯ. ಬೆಂಗಳೂರಿನ ನೆಲದಡಿಯಲ್ಲಿ ಒಂದು ಕಡೆ ಗಟ್ಟಿಯಾದ ಕರಿಗಲ್ಲು, ಇನ್ನೊಂದು ಕಡೆ ಶಿಥಿಲಗೊಂಡ ಮಣ್ಣು. ಅದರ ಮೇಲೆ ಶಿವಾಜಿನಗರದ ಹಳೆಯ ಮನೆಗಳು ಒಂದರ ಹೆಗಲಿಗೊಂದು ಆತುಕೊಂಡು ನಿಂತಿವೆ. ‘ಊರ್ಜಾ’ ಎಂಬ ಹೆಸರಿನ ಸುರಂಗಯಂತ್ರವು ಬಂಬೂ ಬಜಾರಿನ ನಿಲ್ದಾಣದಿಂದ ಹೊರಟು ಶಿವಾಜಿನಗರದವರೆಗಿನ 855 ಮೀಟರನ್ನು ಕೊರೆದು ಮುಗಿಸಿ, 2021ರ ಸೆಪ್ಟೆಂಬರಿನಲ್ಲಿ ಹೊರಬರುವ ಹೊತ್ತಿಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿದಿತ್ತೆಂದರೆ, ಮಾರ್ಗದಲ್ಲಿ ಪ್ರತಿಯೊಂದು ತಿರುವೂ ಎಷ್ಟು ದುಬಾರಿಯೆಂಬುದು ಊಹೆಗೆ ಎಟುಕುತ್ತದೆ. ಇಷ್ಟೆಲ್ಲವನ್ನೂ ಒಪ್ಪಿಕೊಂಡೂ ನಾನು ಆಕ್ಷೇಪಿಸಿದವರ ಪಕ್ಷದವನೇ. ಒಂದು ರೈಲು ಮಾರ್ಗದ ಪ್ರಯೋಜನವು ಅದರ ಉದ್ದದಲ್ಲಿರುವುದಕ್ಕಿಂತ, ಅದು ಇನ್ನೊಂದು ಮಾರ್ಗವನ್ನು ಎಲ್ಲಿ ಸಂಧಿಸುತ್ತದೆಂಬುದರಲ್ಲಿ ಹೆಚ್ಚಾಗಿದೆ; ಸಂಧಿಯಲ್ಲಿ ಉಳಿಸಿದ ಹಣವನ್ನು ಪ್ರಯಾಣಿಕನು ದಿನವೂ ತನ್ನ ಕಾಲಿನಿಂದಲೋ ಆಟೋದವನ ಮೀಟರಿನಿಂದಲೋ ತೆತ್ತುಕೊಂಡೇ ಇರಬೇಕಾಗುತ್ತದೆ, ಮತ್ತು ಆ ವೆಚ್ಚವು ಯಾವ ಇಲಾಖೆಯ ಲೆಕ್ಕಪುಸ್ತಕದಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ನಗರದ ಮುಖ್ಯ ರೈಲು ನಿಲ್ದಾಣದ ಪಕ್ಕಕ್ಕೆ ಮೆಟ್ರೊ ಬಂದ ಮೇಲೂ ಎರಡನ್ನೂ ಕೂಡಿಸುವ ಮೇಲುಸೇತುವೆಗೆ ಜನರು ವರ್ಷಗಟ್ಟಲೆ ಕಾದ ಉದಾಹರಣೆ ಕಣ್ಣೆದುರಿಗೇ ಇದೆ.

ಇಷ್ಟರಲ್ಲಿ ಹಳೆಯ ನಿಲ್ದಾಣಕ್ಕೆ ಹೊಸ ಕಾಯ ತೊಡಿಸುವ ಕೆಲಸವು ಆರಂಭವಾಯಿತು. 2022ರ ಜೂನಿನಲ್ಲಿ ಪ್ರಧಾನಮಂತ್ರಿಗಳು ಸುಮಾರು 500 ಕೋಟಿ ರೂಪಾಯಿಗಳ ಪುನರಭಿವೃದ್ಧಿಗೆ ಶಂಕುಸ್ಥಾಪನೆ ಮಾಡಿದರು. ವಿಮಾನ ನಿಲ್ದಾಣದ ಮಾದರಿಯಲ್ಲಿ ಎಲ್ಲವೂ ಸಿದ್ಧವಾಗಲಿದೆಯೆಂದು ಸಾರಲಾಯಿತು. ಕಾಮಗಾರಿಗಾಗಿ 2024ರ ಸೆಪ್ಟೆಂಬರಿನಿಂದ ಕೆಲವು ತಿಂಗಳು ಹಲವು ಗಾಡಿಗಳು ಇಲ್ಲಿ ನಿಲ್ಲದೆ ಮುಂದಕ್ಕೆ ಹೋದುವು. ರೈಲಿನವರು ವಿಮಾನದ ಮಾದರಿಯನ್ನು ಅನುಸರಿಸಬೇಕೆಂಬ ಹಂಬಲವು ನನಗೆ ಎಂದಿಗೂ ಅರ್ಥವಾಗಿಲ್ಲ. ವಿಮಾನದ ಪ್ರಯಾಣಿಕನು ಎರಡು ಗಂಟೆ ಮುಂಚಿತವಾಗಿ ಬಂದು ಕುಳಿತಿರುತ್ತಾನೆ, ಬಂಗಾರಪೇಟೆಯ ಗಾಡಿಯವನು ಎರಡು ನಿಮಿಷ ಮುಂಚಿತವಾಗಿ ಓಡುತ್ತ ಬರುತ್ತಾನೆ.

ಆದರೆ ಜನರನ್ನು ಹೆಚ್ಚು ಕೆರಳಿಸಿದುದು ಕಟ್ಟಡವಲ್ಲ, ಮರ. ನಿಲ್ದಾಣದ ಬಳಿಯ ರೈಲ್ವೆ ಕಾಲೊನಿಯ 8.61 ಎಕರೆ ಭೂಮಿಯನ್ನು ವಾಣಿಜ್ಯ ಕಟ್ಟಡಗಳಿಗೆ ಗುತ್ತಿಗೆ ಕೊಡುವ ಏರ್ಪಾಡಿನಲ್ಲಿ 368 ಮರಗಳು ಉರುಳಬೇಕಾಗುತ್ತದೆಂಬ ಸಂಗತಿ 2025ರಲ್ಲಿ ಹೊರಬಿದ್ದೊಡನೆಯೇ, ನಗರದ ನಾನಾ ಮೂಲೆಗಳಿಂದ ಆಕ್ಷೇಪಣ ಪತ್ರಗಳು ಬಂದುವು. ರಾಜ್ಯದ ಅರಣ್ಯ ಇಲಾಖೆಯು ಆ ನೆಲವನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸುವ ಮಾತನ್ನೆತ್ತಿತು. ನಿಲ್ದಾಣವು ಬೆಳೆಯಬೇಕಾದರೆ ಹಳಿಗೂ ಪ್ಲಾಟ್‌ಫಾರಮ್ಮಿಗೂ ಕೆಲವು ಮರಗಳು ಬಲಿಯಾಗುವುದನ್ನು ಮನಸ್ಸಿಲ್ಲದ ಮನಸ್ಸಿನಿಂದಲಾದರೂ ಒಪ್ಪಬಹುದು. ಅಂಗಡಿಮುಂಗಟ್ಟುಗಳ ಬಾಡಿಗೆಗಾಗಿ ಒಂದು ತೋಪನ್ನೇ ಕಡಿಯುವುದಕ್ಕೆ ರೈಲಿನ ಅವಶ್ಯಕತೆಯ ನೆಪವನ್ನು ಮುಂದೊಡ್ಡುವುದು ಸಲ್ಲದು. ಮೆಟ್ರೊ ನಿಲ್ದಾಣಕ್ಕೆ ತೊಡಕಾದ ರೈಲ್ವೆಯ ಭೂಮಿ ಬಾಡಿಗೆಯ ಮಾತು ಬಂದೊಡನೆ ಸುಲಭವಾಗಿ ಒದಗಿಬಂದಿತೆಂಬುದನ್ನು ಸ್ಥಳೀಯರು ಗಮನಿಸದೆ ಇರಲಿಲ್ಲ.

ಮುಂದೆ ಇಲ್ಲಿಗೆ ಇನ್ನೂ ಹಳಿಗಳು ಬರಲಿವೆ. ಇಲ್ಲಿಂದ ವೈಟ್‌ಫೀಲ್ಡಿನವರೆಗೆ ಮೂರನೆಯ ನಾಲ್ಕನೆಯ ಹಳಿಗಳ ಕೆಲಸ ಕೈಗೆತ್ತಿಕೊಂಡಾಗಿದೆ. 2020ರಲ್ಲಿ ಕೇಂದ್ರವು ಒಪ್ಪಿದ 148 ಕಿಲೋಮೀಟರಿನ ಉಪನಗರ ರೈಲು ಯೋಜನೆಯ ಪಾರಿಜಾತವೆಂಬ ಮಾರ್ಗವು ಕೆಂಗೇರಿಯಿಂದ ವೈಟ್‌ಫೀಲ್ಡಿಗೆ ಇದೇ ದಂಡಿನ ಮೂಲಕ ಹಾದುಹೋಗಬೇಕು. ಅತ್ತ ಮೆಟ್ರೊ ಮಾರ್ಗದ ಸುರಂಗಗಳೆಲ್ಲವೂ 2024ರ ಅಕ್ಟೋಬರಿನಲ್ಲಿ ಕೊರೆದು ಮುಗಿದುವಾದ್ದರಿಂದ, ಬಂಬೂ ಬಜಾರಿನ ನಿಲ್ದಾಣವನ್ನು ಇನ್ನು ಕದಲಿಸುವ ಪ್ರಶ್ನೆಯೇ ಉಳಿದಿಲ್ಲ. ಈಗ ಕೇಳಬೇಕಾದುದು ಎರಡನ್ನೂ ಕೂಡಿಸುವ, ಮಳೆಗೂ ವಾಹನಕ್ಕೂ ಅಂಜದೆ ನಡೆಯಬಹುದಾದ ಹಾದಿಯೊಂದನ್ನು. ಅದರ ಉದ್ದ ಊರ್ಜಾ ಯಂತ್ರವು ಕೊರೆದ ಸುರಂಗದಷ್ಟೇ, ಹೆಚ್ಚೆಂದರೆ ಅದಕ್ಕಿಂತ ಸ್ವಲ್ಪ ಹೆಚ್ಚು. ನೆಲದ ಮೇಲಿನ ಕೆಲಸವಾದುದರಿಂದ ಕಲ್ಲು ಕೊರೆಯುವ ಯಂತ್ರವೂ ಬೇಕಿಲ್ಲ. ರೈಲ್ವೆ, ಮೆಟ್ರೊ ನಿಗಮ, ನಗರಾಡಳಿತ ಈ ಮೂವರೂ ಒಂದೇ ಮೇಜಿನ ಸುತ್ತ ಕುಳಿತು, ಖರ್ಚು ಯಾರದೆಂಬುದನ್ನು ಮಾರ್ಗವು ಪ್ರಾರಂಭವಾಗುವ ಮೊದಲೇ ತೀರ್ಮಾನಿಸಬೇಕು. ಕೋಲಾರದ ಗಾಡಿಯಂತೂ ದಿನವೂ ಬರುತ್ತಲೇ ಇದೆ.