ಗುಲಾಬಿ, ಜುಲಾಬು, ಗುಲ್ಕಂದ

ಜುಲಾಬು ಎಂಬ ಮಾತು ಉತ್ತರ ಕರ್ನಾಟಕದ ಆಡುನುಡಿಯಲ್ಲಿದೆ. ಮುಂಬಯಿ, ಪುಣೆಗಳಲ್ಲಿ ನೆಲಸಿದವರಿಗೆ ಅದು ಮರಾಠಿಯ ಮೂಲಕವೂ ಪರಿಚಿತವಾದುದೇ. ಭೇದಿ ಅಥವಾ ಭೇದಿಯ ಔಷಧ ಎಂಬುದು ಅದರ ಅರ್ಥ. ನಾಲ್ಕು ಜನರ ಮುಂದೆ ದನಿ ತಗ್ಗಿಸಿ ಆಡುವ ಈ ಮಾತಿಗೂ ಹೂಗಳ ರಾಣಿಯೆನಿಸಿದ ಗುಲಾಬಿಗೂ ಒಂದೇ ಮೂಲವೆಂದರೆ ಅನೇಕರು ಒಪ್ಪಲಿಕ್ಕಿಲ್ಲ. ಆದರೆ ಸಂಗತಿ ಹಾಗೆಯೇ ಇದೆ.

ಪಾರಸಿಯಲ್ಲಿ ‘ಗುಲ್’ ಎಂದರೆ ಹೂ, ‘ಆಬ್’ ಎಂದರೆ ನೀರು. ‘ಗುಲಾಬ್’ ಎಂಬುದು ಹೂವಿನ ಹೆಸರಲ್ಲ. ಹೂವಿನಿಂದ ಬಟ್ಟಿಯಿಳಿಸಿದ ನೀರಿನ, ಎಂದರೆ ನಮ್ಮ ಪನ್ನೀರಿನ, ಹೆಸರು. ಇರಾನಿನಲ್ಲಿ ಇಂದಿಗೂ ಅದೇ ಅರ್ಥ ರೂಢಿಯಲ್ಲಿದೆ. ನೀರಿನ ಹೆಸರು ಹೂವಿಗೆ ಅಂಟಿಕೊಂಡದ್ದು ಭಾರತದಲ್ಲಿ. ಅತ್ತ ಅರಬ್ಬರು ಅದನ್ನು ತಮ್ಮ ಉಚ್ಚಾರಣೆಗೆ ಒಗ್ಗಿಸಿಕೊಂಡು ‘ಜುಲಾಬ್’ ಎಂದರು. ಅರ್ಥವು ಪನ್ನೀರಿನಿಂದ ಸಿಹಿಪಾನಕಕ್ಕೆ, ಪಾನಕದಿಂದ ಔಷಧಕ್ಕೆ, ಔಷಧದಿಂದ ವಿರೇಚಕಕ್ಕೆ ಸರಿಯಿತು. ಗುಲ್ಕಂದದ ‘ಕಂದ’ವಾದರೋ ಸಕ್ಕರೆಯನ್ನು ಸೂಚಿಸುವ ‘ಕಂದ್’. ಇದು ಸಂಸ್ಕೃತದ ‘ಖಂಡ’ದಿಂದ ಹೊರಟದ್ದೆಂದು ವಿದ್ವಾಂಸರ ಮತ. ನಮ್ಮಿಂದ ಹೋದ ಶಬ್ದವು ಹೂವನ್ನು ಕೂಡಿಕೊಂಡು ನಮ್ಮಲ್ಲಿಗೇ ಮರಳಿತೆನ್ನಬೇಕು.

ಹೆಸರಿನಲ್ಲಿ ಉಳಿದಿರುವ ಈ ವಿರೇಚನಗುಣಕ್ಕೂ ನಮ್ಮ ನಿಘಂಟುಗಳ ಮಾತಿಗೂ ಮೇಲುನೋಟಕ್ಕೆ ವಿರೋಧ ತೋರುತ್ತದೆ. 16ನೆಯ ಶತಮಾನದ ಭಾವಮಿಶ್ರನು ‘ಭಾವಪ್ರಕಾಶ’ದ ಪುಷ್ಪವರ್ಗದಲ್ಲಿ ಶತಪತ್ರೀ, ತರುಣೀ ಮೊದಲಾದ ಹೆಸರುಗಳಿಂದ ಕರೆದಿರುವ ಹೂವನ್ನು ವೈದ್ಯರು ಗುಲಾಬಿಯೆಂದೇ ಗ್ರಹಿಸುತ್ತಾರೆ. (ಅಮರಕೋಶದ ‘ಶತಪತ್ರ’ವು ತಾವರೆ; ಒಂದು ದೀರ್ಘದ ಅಂತರದಲ್ಲಿ ಕೆರೆಯ ಹೂ ತೋಟದ ಹೂವಾಗುವುದು ಗಮನಾರ್ಹ.) ಭಾವಮಿಶ್ರನ ಪ್ರಕಾರ ಅದು ಶೀತ, ಹೃದ್ಯ, ಲಘು, ಪಾಚನ, ವರ್ಣಕಾರಿ, ಜೊತೆಗೆ ಗ್ರಾಹಿ, ಎಂದರೆ ಮಲವನ್ನು ಹಿಡಿದು ನಿಲ್ಲಿಸುವಂಥದು. ಹಾಗಿದ್ದರೆ ಮಲಬದ್ಧತೆಗೆ ರಾತ್ರಿ ಗುಲ್ಕಂದ ತಿನ್ನಿಸುವ ಅಜ್ಜಿಯ ಮಾತು ತಪ್ಪೇ?

ಎರಡೂ ಸರಿಯೆಂದೇ ತೋರುತ್ತದೆ. ಹಸಿಯ ಎಸಳು ಸಾರಕ, ಒಣಗಿದ್ದು ಸ್ತಂಭಕ ಎಂದು ಯುನಾನಿ ಪರಂಪರೆಯವರು ಸ್ಪಷ್ಟವಾಗಿ ಬೇರ್ಪಡಿಸುತ್ತಾರೆ. ಎಸಳಿನಲ್ಲಿ ಟ್ಯಾನಿನ್ ಎಂಬ ಒಗರಿನ ದ್ರವ್ಯವಿದೆ. ಒಣಗಿದಾಗ ನೀರು ಹೋಗಿ ಒಗರು ಸಾಂದ್ರವಾಗುತ್ತದೆ. ಬಾಯಿಹುಣ್ಣಿಗೆ, ಒಸಡಿನ ಸಡಿಲಕ್ಕೆ ಒಣಎಸಳಿನ ಕಷಾಯದಿಂದ ಮುಕ್ಕುಳಿಸುವ ವಾಡಿಕೆಗೆ ಇದೇ ಆಧಾರ. ಗುಲ್ಕಂದವನ್ನು ಮಾಡುವುದು ಹಸಿಯ ಎಸಳಿನಿಂದ. ಒಂದು ಪಾಲು ಎಸಳಿಗೆ ಸಾಮಾನ್ಯವಾಗಿ ಎರಡು ಪಾಲು ಸಕ್ಕರೆ ಬೆರಸಿ, ಗಾಜಿನ ಅಥವಾ ಪಿಂಗಾಣಿಯ ಭರಣಿಯಲ್ಲಿ ಪದರಪದರವಾಗಿ ತುಂಬಿ, ಕೆಲವು ವಾರ ಬಿಸಿಲಿಗಿಡುತ್ತಾರೆ. ಅದರ ಮೃದುವಿರೇಚನಕ್ಕೆ ಎಸಳಿನಷ್ಟೇ ಸಕ್ಕರೆಯೂ ಕಾರಣವಿರಬೇಕೆಂಬುದು ನನ್ನ ಊಹೆ. ಮಧುಮೇಹಿಗಳು ಇದನ್ನು ‘ತಂಪು’ ಎಂಬ ನೆಪದಲ್ಲಿ ಸೇವಿಸುವುದು ಅವಿವೇಕವೆಂಬುದಂತೂ ಊಹೆಯ ಮಾತಲ್ಲ.

ಯಾವ ಗುಲಾಬಿ ಎಂಬುದು ಮುಂದಿನ ಪ್ರಶ್ನೆ. ಔಷಧಕ್ಕೂ ಅತ್ತರಿಗೂ ಪ್ರಸಿದ್ಧವಾದುದು ದಮಾಸ್ಕಸಿನ ಹೆಸರು ಹೊತ್ತ ತೆಳುಗೆಂಪಿನ ಹೂ. ರಾಜಸ್ಥಾನದ ಹಳದೀಘಾಟಿಯ ಕಡೆ ಇದನ್ನು ಚೈತೀ ಗುಲಾಬ್ ಎನ್ನುತ್ತಾರೆ. ಹೆಸರೇ ಹೇಳುವಂತೆ ಅರಳುವುದು ಚೈತ್ರದ ಸುಮಾರಿಗೆ. ವರ್ಷವಿಡೀ ಬಿಡುವ ಎಡ್ವರ್ಡ್ ಗುಲಾಬಿಯನ್ನೂ ಗುಲ್ಕಂದಕ್ಕೆ ಬಳಸುತ್ತಾರೆ. ಆದರೆ ಸಮಾರಂಭಗಳ ಗುಚ್ಛಗಳಲ್ಲಿ ಬರುವ ಉದ್ದ ದಂಟಿನ ಹೂವುಗಳನ್ನು ಬೆಳೆಸುವುದು ನೋಟಕ್ಕೆ, ಬಾಳಿಕೆಗೆ. ಅವುಗಳಲ್ಲಿ ಕಂಪು ಕಡಿಮೆ, ಕೀಟನಾಶಕದ ಸಿಂಪಡಣೆ ಹೆಚ್ಚು. ಸನ್ಮಾನದ ಮರುದಿನ ಅವನ್ನು ಸಕ್ಕರೆಯಲ್ಲಿ ಹಾಕಿಡುವ ಮಿತವ್ಯಯವನ್ನು ಕಂಡಿದ್ದೇನೆ. ಅದು ಗುಲ್ಕಂದವಲ್ಲ.

ಪನ್ನೀರಿನ ವಿಷಯವೂ ಹೀಗೆಯೇ. ನೂರ್ ಜಹಾನಳ ತಾಯಿ ಪನ್ನೀರು ಇಳಿಸುವಾಗ, ಬಿಸಿ ಪನ್ನೀರು ಹೊಯ್ದ ಪಾತ್ರೆಯ ಮೇಲೆ ಕಟ್ಟಿದ ಜಿಡ್ಡನ್ನು ಸಂಗ್ರಹಿಸಿ ಅತ್ತರನ್ನು ಕಂಡುಹಿಡಿದಳೆಂದು ಜಹಾಂಗೀರನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಆ ತೈಲ ಬಲು ವಿರಳ. ಒಂದು ಕಿಲೋಗ್ರಾಂ ತೈಲಕ್ಕೆ 3,000ದಿಂದ 4,000 ಕಿಲೋಗ್ರಾಂ ಹೂ ಬೇಕಾಗುತ್ತದೆ. ತೈಲ ತೇಲಿದರೂ ನೀರಿನಲ್ಲಿ ಕಂಪು ಉಳಿಯುವುದೇಕೆ? ಗುಲಾಬಿಯ ಗಂಧದ್ರವ್ಯಗಳಲ್ಲಿ ಒಂದಾದ ಫೀನೈಲ್ ಈಥೈಲ್ ಆಲ್ಕೊಹಾಲ್ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಅದಕ್ಕೆ ಸೂಕ್ಷ್ಮಜೀವಿಗಳನ್ನು ತಡೆಯುವ ಶಕ್ತಿಯಿರುವುದು ನಿಜ. ಕಣ್ಣಿನ ಔಷಧಗಳಲ್ಲಿ ಅದನ್ನು ಸಂರಕ್ಷಕವಾಗಿಯೂ ಬಳಸಿದ್ದುಂಟು. ಆದರೆ ಪನ್ನೀರಿನಲ್ಲಿ ಅದರ ಪ್ರಮಾಣ ಅಲ್ಪ, ಅಂಗಡಿಯ ಸೀಸೆ ಕ್ರಿಮಿರಹಿತವಲ್ಲ, ಅನೇಕ ವೇಳೆ ಒಳಗಿರುವುದು ಬಟ್ಟಿಯಿಳಿಸಿದ ನೀರೂ ಅಲ್ಲ, ಕೃತಕ ಸುಗಂಧ ಬೆರಸಿದ ನೀರು. ಕಣ್ಣುರಿಗೆ ಪನ್ನೀರು ಬಿಡುವ ಹಳೆಯ ಪದ್ಧತಿಯನ್ನು ಈ ಸೀಸೆಯಿಂದ ಮುಂದುವರಿಸುವುದು ಅಪಾಯಕರ. ಹಣೆಗೆ ಪಟ್ಟಿ ಹಾಕಲು ಅಡ್ಡಿಯಿಲ್ಲ.

ಕೊನೆಯದಾಗಿ, ಹೊರನಾಡಿನಲ್ಲಿರುವ ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದ ಒಂದು ತೊಡಕು. ಹಿಂದಿಯಲ್ಲಿ ‘ಸೇವತೀ’ ಎಂದರೆ ಬಿಳಿಯ ಗುಲಾಬಿ. ಸಂಸ್ಕೃತ ಕೋಶಗಳ ‘ಸೇಮಂತೀ’ಯೂ ಅದೇ. ಕನ್ನಡದ ಸೇವಂತಿಗೆ, ಮರಾಠಿಯ ಶೇವಂತೀ ಸೂರ್ಯಕಾಂತಿಯ ಕುಲಕ್ಕೆ ಸೇರಿದ ಬೇರೆಯೇ ಹೂ. ದಿಲ್ಲಿಯಲ್ಲೋ ಹೈದರಾಬಾದಿನಲ್ಲೋ ಹಿಂದಿಯ ವೈದ್ಯಪುಸ್ತಕ ಓದಿ, ಸೇವತಿಯ ಯೋಗಕ್ಕೆ ಪೂಜೆಯ ಸೇವಂತಿಗೆಯನ್ನು ಅರೆದವರಿಗೆ ಗುಲಾಬಿಯ ಗುಣವೊಂದೂ ದಕ್ಕುವುದಿಲ್ಲ. ಸೇವಂತಿಗೆಯ ಸ್ಪರ್ಶದಿಂದ ಕೆಲವರ ಚರ್ಮಕ್ಕೆ ಕಜ್ಜಿಯೂ ಏಳುತ್ತದೆ. ಹಿಂದಿಯ ಯೋಗದಲ್ಲಿ ಈ ಹೆಸರು ಕಂಡಾಗ ಗಂಧಿಗನಲ್ಲಿ ಕೇಳಬೇಕಾದುದು ಗುಲಾಬಿಯ ಎಸಳನ್ನು. ಅದನ್ನು ಕೊಳ್ಳುವ ಮುನ್ನ ಮೂಸಿ ನೋಡುವುದು ಒಳ್ಳೆಯದು.