ಚಪ್ಪಡಿ ಕಲ್ಲು ಪದರ ಬಿಡುವ ಬಗೆಯೂ ಕಲ್ಲುಕಂಬಗಳ ಪರೀಕ್ಷೆಯೂ

ಚಿಕ್ಕಬಳ್ಳಾಪುರ, ಗೌರೀಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ರೈತರಿಗೆ ಬಂಡೆಯು ಹೊಸ ವಸ್ತುವಲ್ಲ. ನಂದಿ ಮೊದಲಾದ ಬೆಟ್ಟಗಳ ಬೋಳು ಮೈಯಲ್ಲಿ ಕಲ್ಲು ಈರುಳ್ಳಿಯ ಸಿಪ್ಪೆಯಂತೆ ಪದರು ಪದರಾಗಿ ಬಿಟ್ಟುಕೊಂಡಿರುವುದನ್ನು ಅವರು ನಿತ್ಯವೂ ಕಾಣುತ್ತಾರೆ. ದ್ರಾಕ್ಷಿಯ ಚಪ್ಪರಕ್ಕೂ ಹಿಪ್ಪುನೇರಳೆ ತೋಟದ ಬೇಲಿಗೂ ನಿಲ್ಲಿಸುವ ಕಂಬಗಳು ಇಂಥ ಪದರುಗಳಿಂದಲೇ ದೊರೆಯುವುದರಿಂದ, ಇವುಗಳ ಗುಣವನ್ನು ಅರಿತಿರುವುದು ಲಾಭಕರ.

ಬೇತಂಚೆರ್ಲದ ಚಪ್ಪಡಿಯು ನೀರಿನಡಿಯಲ್ಲಿ ಕೆಸರು ಒಂದರ ಮೇಲೊಂದು ಕೂತು ಆದದ್ದು. ಅದರ ಪದರು ಹುಟ್ಟಿನಿಂದಲೇ ಬಂದದ್ದು. ನಮ್ಮ ಕರಿಕಲ್ಲಿಗೆ ಹಾಗಿಲ್ಲ. ಇದು 250 ಕೋಟಿ ವರ್ಷಗಳಿಗೂ ಹಿಂದೆ ಭೂಮಿಯ ಆಳದಲ್ಲಿ, ಅಪಾರವಾದ ಭಾರದ ಕೆಳಗೆ ಗಟ್ಟಿಯಾದ ಶಿಲೆ. ಮೇಲಿನ ನೆಲವು ಕಾಲಕ್ರಮದಲ್ಲಿ ಸವೆದುಹೋದಂತೆ ಭಾರ ಇಳಿದು, ಶಿಲೆಯು ಮೇಲ್ಮುಖವಾಗಿ ಹಿಗ್ಗಿ, ಮೈಗೆ ಸಮಾನಾಂತರವಾಗಿ ಬಿರಿಯಿತು. ನೆಲದ ಒಳಒತ್ತಡವು ಬಂಡೆಯನ್ನು ಅಡ್ಡಲಾಗಿ ಹಿಸುಕುವುದೂ ಒಂದು ಕಾರಣವೆಂದು ಈಗಿನ ಭೂವಿಜ್ಞಾನಿಗಳ ಮತ. ಮೇಲಿನ ಪದರುಗಳು ತೆಳುವು. ಆಳಕ್ಕೆ ಹೋದಂತೆ ದಪ್ಪ. ಮಳೆಯ ನೀರು ಇಳಿಯುವುದೂ ಈ ಬಿರುಕುಗಳಲ್ಲಿಯೇ.

ಕಲ್ಲುಕುಟಿಗರು ಹಿಂದಿನಿಂದಲೂ ಇದೇ ತತ್ತ್ವವನ್ನು ಬೆಂಕಿಯಿಂದ ಸಾಧಿಸಿದ್ದಾರೆ. ಬಂಡೆಯ ಮೇಲೆ ಸೌದೆಯನ್ನು ಸಾಲಾಗಿ ಉರಿಸಿ, ಉರಿಯನ್ನು ಮೆಲ್ಲಮೆಲ್ಲನೆ ಮುಂದಕ್ಕೆ ಸರಿಸುವರು. ಕಾದ ಮೈ ಹಿಗ್ಗುತ್ತದೆ, ಅಡಿಯ ತಣ್ಣನೆಯ ಕಲ್ಲು ಹಿಗ್ಗುವುದಿಲ್ಲ. ಎರಡರ ನಡುವೆ ಪದರು ಬಿಡುತ್ತದೆ. ಸುತ್ತಿಗೆಯಿಂದ ತಟ್ಟಿದಾಗ ಟೊಳ್ಳು ಸದ್ದು ಬಂದಲ್ಲಿಯವರೆಗೆ ಕಲ್ಲು ಎದ್ದಿದೆಯೆಂದು ತಿಳಿಯುವರು. ಉರಿಯನ್ನು ಅವಸರಪಡಿಸಿದರೆ ಚಪ್ಪಡಿ ಏಳದೆ ಬರಿಯ ಚಕ್ಕೆ ಹಾರುವುದು. ಈ ಕೈಗಾರಿಕೆಯ ಜಾಣ್ಮೆಯೆಲ್ಲ ಕಿವಿಯಲ್ಲಿದೆಯೆಂದರೂ ತಪ್ಪಲ್ಲ.

ಆದರೆ ಕಲ್ಲನ್ನು ಎಬ್ಬಿಸಿದ ಬಿರುಕೇ ಕಂಬದೊಳಗೂ ಅಡಗಿರಬಹುದು. ಆರು ಅಂಗುಲ ಚೌಕದ ಏಳು ಅಡಿ ಕಂಬವು ಸುಮಾರು 130 ಕಿಲೋ ತೂಗುತ್ತದೆ. ಫಲ ತುಂಬಿದ ಚಪ್ಪರದಡಿ ಅದು ಮುರಿದರೆ ಬೆಳೆಯೂ ಹೋಗುವುದು, ಕೆಳಗಿದ್ದವರ ಪ್ರಾಣಕ್ಕೂ ಅಪಾಯ. ಆದುದರಿಂದ ಕೊಳ್ಳುವ ಮೊದಲು ಪ್ರತಿಯೊಂದು ಕಂಬವನ್ನೂ ತಟ್ಟಿ ನೋಡತಕ್ಕದ್ದು. ಗಂಟೆಯಂತೆ ಸ್ಪಷ್ಟವಾಗಿ ನುಡಿದರೆ ಒಳ್ಳೆಯದು. ಮಂಕು ಸದ್ದಾದರೆ ಬಿಡತಕ್ಕದ್ದು. ಸಂದೇಹವಿದ್ದರೆ ನೀರು ಸುರಿದು ಬಿಸಿಲಿನಲ್ಲಿ ಆರಲು ಬಿಡಿರಿ. ಮೈಯೆಲ್ಲ ಒಣಗಿದ ಮೇಲೂ ಕಪ್ಪು ಗೆರೆಯೊಂದು ಒದ್ದೆಯಾಗಿ ಉಳಿದರೆ ಅದೇ ಬಿರುಕು. ಅಡ್ಡಗೆರೆಯ ಕಂಬವನ್ನು ಬೇಲಿಗೂ ಬಳಸಬಾರದು. ತುಂಡುಮಾಡಿ ಕಟ್ಟೆಗೆ ಹಾಕಬಹುದು.

ಸ್ವಂತ ಹೊಲದ ಬಂಡೆಯಾದರೂ ಮಾರಾಟಕ್ಕಾಗಿ ಎಬ್ಬಿಸುವ ಮುನ್ನ ಗಣಿ ಮತ್ತು ಭೂವಿಜ್ಞಾನ ಇಲಾಖೆಯನ್ನು ವಿಚಾರಿಸಬೇಕು. ಕಲ್ಲು ಒಡೆಯುವವರು ಮೂಗುಬಾಯಿಗಳಿಗೆ ಸರಿಯಾದ ರಕ್ಷಣೆ ಇಟ್ಟುಕೊಂಡು, ನೀರು ಚಿಮುಕಿಸುತ್ತ ಕೆಲಸ ಮಾಡಲಿ; ಆ ಧೂಳು ಶ್ವಾಸಕೋಶವನ್ನು ಕೆಡಿಸುತ್ತದೆ.