ಹನ್ನೆರಡು ತಾಸಿನ ಡ್ಯೂಟಿ

ಮುಂಬಯಿ ಕಡೆಯ ವಿಠ್ಠಲವಾಡಿಯಲ್ಲಿ ಲೋಕಲ್ ಹತ್ತಿದರೆ ಕಲ್ಯಾಣ ಒಂದೇ ಸ್ಟೇಷನ್. ನಿಧಾನ ಗಾಡಿಯಲ್ಲಿ ಡೊಂಬಿವಲಿ ಮೂರನೆಯದು. ಠಾಣೆಯಲ್ಲಿ ಇಳಿದು ಗಾಡಿ ಬದಲಿಸಿದರೆ ವಾಶಿ, ನೆರೂಲ್ ತನಕ ಹೋಗಬಹುದು. ಬೆಳಿಗ್ಗೆ ಎಂಟಕ್ಕೆ ಡ್ಯೂಟಿಗೆ ಹಾಜರಾಗಬೇಕಾದ ಆಯಾಗಳು, ವಾರ್ಡ್‌ಬಾಯ್‌ಗಳು ಕೆಲಸ ಒಪ್ಪಿಕೊಳ್ಳುವ ಮುಂಚೆ ಮಾಡುವ ಮೊದಲ ಲೆಕ್ಕ ಇದೇ. ಅವರು ಹೋಗುವ ಒಂದು ಮನೆಯಲ್ಲಿ ಮಕ್ಕಳೆಲ್ಲ ಪುಣೆಯಲ್ಲೋ ದುಬೈನಲ್ಲೋ ನೆಲೆಸಿ, ಅಪ್ಪ ಅಮ್ಮ ಇಬ್ಬರೇ ಫ್ಲ್ಯಾಟಿನಲ್ಲಿ ಉಳಿದಿರುತ್ತಾರೆ. ಇನ್ನೊಂದು ಮನೆಯಲ್ಲಿ ಯಜಮಾನರಿಗೆ ಲಕ್ವಾ ಹೊಡೆದಿರುತ್ತದೆ. ಮತ್ತೊಂದರಲ್ಲಿ ನಲವತ್ತು ದಾಟಿದ, ಬುದ್ಧಿ ಬೆಳವಣಿಗೆ ಕಡಿಮೆಯಿರುವ ಮಗನನ್ನು ಸ್ನಾನಕ್ಕೆ ಎಬ್ಬಿಸುವ ಶಕ್ತಿ ಎಪ್ಪತ್ತರ ತಾಯಿಗೆ ಉಳಿದಿಲ್ಲ. ಇಂಥ ಮನೆಗಳು ಹೆಚ್ಚಿದಷ್ಟೂ ಈ ಕೆಲಸಕ್ಕೆ ಜನ ಬೇಕಾಗಿದ್ದಾರೆ.

ಇಲ್ಲಿಯ ರೂಢಿಯಲ್ಲಿ ಹೆಂಗಸಾದರೆ ‘ಮಾವಶಿ’, ಗಂಡಸಾದರೆ ‘ಮಾಮಾ’. ಕೆಲಸಕ್ಕೆ ಜನ ಒದಗಿಸುವ ಬ್ಯೂರೋದವರ ಕಾಗದದಲ್ಲಿ ಪೇಷಂಟ್ ಕೇರ್‌ಟೇಕರ್. ತರಬೇತಿಯ ಸರ್ಟಿಫಿಕೇಟಿನಲ್ಲಿ ಜನರಲ್ ಡ್ಯೂಟಿ ಅಸಿಸ್ಟೆಂಟ್, ಅಂದರೆ ಜಿಡಿಎ. ಹೆಸರು ಯಾವುದಾದರೂ ಇವರು ನರ್ಸ್ ಅಲ್ಲ. ನರ್ಸ್ ಆಗಲು ಎಎನ್‌ಎಂ, ಜಿಎನ್‌ಎಂನಂಥ ನರ್ಸಿಂಗ್ ಕೋರ್ಸ್ ಓದಿ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಆಗಿರಬೇಕು. ಈ ಗೆರೆಯನ್ನು ಮೊದಲೇ ಎಳೆದುಕೊಳ್ಳದ ಮನೆಗಳಲ್ಲೇ ಮುಂದೆ ಜಗಳ ಹೆಚ್ಚು. ‘ಇಂಜೆಕ್ಷನ್ ಕೊಡೋಕೆ ಬರಲ್ಲ ಅಂದ್ರೆ ನಿನ್ನ ಯಾಕೆ ಇಟ್ಕೊಂಡ್ವಿ’ ಎಂದು ಮನೆಯವರು ಕೇಳುತ್ತಾರೆ. ‘ಪಾತ್ರೆ ತೊಳೆಯೋಕೆ ನಾನು ಬಂದಿಲ್ಲ’ ಎಂದು ಮಾವಶಿ ಹೇಳುತ್ತಾಳೆ. ಇಬ್ಬರದ್ದೂ ತಪ್ಪಿಲ್ಲ, ಮೊದಲ ದಿನ ಯಾರೂ ಬಾಯಿ ಬಿಟ್ಟು ಮಾತಾಡಿಲ್ಲ ಅಷ್ಟೆ.

ಕೆಲಸಕ್ಕೆ ಸೇರುವ ದಾರಿಗಳು ಮೂರು. ಬಹುಪಾಲು ಜನ ಬ್ಯೂರೋ ಮೂಲಕ ಬರುತ್ತಾರೆ. ಮನೆಯವರು ಬ್ಯೂರೋಗೆ ಹಣ ಕೊಡುತ್ತಾರೆ, ಬ್ಯೂರೋ ತನ್ನ ಪಾಲು ಮುರಿದುಕೊಂಡು ಉಳಿದದ್ದನ್ನು ಕೆಲಸದವರಿಗೆ ಕೊಡುತ್ತದೆ. ಆ ಪಾಲು ಎಷ್ಟು, ರಜೆ ಹಾಕಿದರೆ ಬದಲಿ ಯಾರು, ರೋಗಿ ಆಸ್ಪತ್ರೆ ಸೇರಿದರೆ ಅಥವಾ ತೀರಿಕೊಂಡರೆ ಆ ತಿಂಗಳ ಸಂಬಳ ಏನಾಗುತ್ತದೆ ಎಂಬುದನ್ನು ಎರಡೂ ಕಡೆಯವರು ಕೇಳಿ ತಿಳಿದುಕೊಳ್ಳಬೇಕು. ಎರಡನೆಯ ದಾರಿ ಆಸ್ಪತ್ರೆ. ಅಲ್ಲಿ ಕೆಲವು ವರ್ಷ ವಾರ್ಡಿನ ಕೆಲಸ ಮಾಡಿದವರು, ರೋಗಿ ಡಿಸ್ಚಾರ್ಜ್ ಆದಾಗ ಅವರ ಹಿಂದೆಯೇ ಮನೆಗೆ ಬರುವುದುಂಟು. ಇವರ ಕೈ ಪಳಗಿರುತ್ತದೆ. ಮೂರನೆಯದು ತರಬೇತಿ. ಹೆಲ್ತ್‌ಕೇರ್ ಸೆಕ್ಟರ್ ಸ್ಕಿಲ್ ಕೌನ್ಸಿಲ್‌ನ ಜಿಡಿಎ ಕೋರ್ಸ್ ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಇರುವವರನ್ನು ನೋಡಿಕೊಳ್ಳುವವರಿಗಾಗಿ 1999ರ ಕಾಯ್ದೆಯಡಿ ಸ್ಥಾಪನೆಯಾದ ನ್ಯಾಷನಲ್ ಟ್ರಸ್ಟ್ ‘ಸಹಯೋಗಿ’ ಎಂಬ ತರಬೇತಿ ಯೋಜನೆಯನ್ನು ರೂಪಿಸಿದೆ. ಸರ್ಟಿಫಿಕೇಟ್ ಇದ್ದರೆ ಸಂಬಳದ ಮಾತುಕತೆಗೆ ಬಲ ಬರುತ್ತದೆ. ಆದರೆ ಕೆಲಸ ಬರುತ್ತದೋ ಇಲ್ಲವೋ ಎಂಬುದು ಹಾಸಿಗೆಯ ಪಕ್ಕ ನಿಂತಾಗಲೇ ಗೊತ್ತಾಗುವುದು.

ಮಲಗಿದಲ್ಲೇ ಇರುವ ರೋಗಿಯ ದೊಡ್ಡ ಶತ್ರು ಬೆಡ್‌ಸೋರ್. ಮೈಯ ಭಾರ ಒಂದೇ ಕಡೆ ಬಿದ್ದು ಅಲ್ಲಿ ರಕ್ತ ಸಂಚಾರ ನಿಂತರೆ ಚರ್ಮ ಒಳಗಿನಿಂದ ಸಾಯುತ್ತಾ ಬರುತ್ತದೆ. ಅದಕ್ಕೇ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು: ಎಡಕ್ಕೆ, ಅಂಗಾತ, ಬಲಕ್ಕೆ. ಹೀಗೆ ತಿರುಗಿಸುವಾಗ ಸೊಂಟದ ಕೆಳಗಿನ ಮೂಳೆ, ಎರಡೂ ಹಿಮ್ಮಡಿ, ತೊಡೆಯ ಪಕ್ಕದ ಉಬ್ಬು, ಮೊಣಕೈ ಇಷ್ಟನ್ನೂ ಬೆಳಕಿನಲ್ಲಿ ನೋಡಬೇಕು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಅದು ಬಿಳುಪಾಗದೆ ಕೆಂಪಾಗಿಯೇ ಉಳಿದರೆ ಹುಣ್ಣು ಶುರುವಾಗಿದೆ ಎಂದೇ ತಿಳಿಯಬೇಕು. ನಮ್ಮಂಥ ಕಪ್ಪು, ಗೋಧಿ ಮೈಬಣ್ಣದಲ್ಲಿ ಕೆಂಪು ಸುಲಭಕ್ಕೆ ಕಾಣುವುದಿಲ್ಲ. ಸುತ್ತಲಿನ ಚರ್ಮಕ್ಕಿಂತ ಅಲ್ಲಿ ಬಿಸಿ ಇದೆಯೇ, ಗಟ್ಟಿಯಾಗಿದೆಯೇ, ಬಣ್ಣ ಕಂದಿದೆಯೇ ಎಂದು ಮುಟ್ಟಿ ನೋಡಬೇಕು. ಎಣ್ಣೆ ಹಚ್ಚಿ ತಿಕ್ಕುವುದು ನಮ್ಮಲ್ಲಿ ಪ್ರೀತಿಯ ಲಕ್ಷಣ, ಆದರೆ ಇಂಥ ಜಾಗದಲ್ಲಿ ತಿಕ್ಕಿದರೆ ಒಳಗಿನ ಗಾಯ ಹೆಚ್ಚುತ್ತದೆ. ಹಾಸಿಗೆಯ ಮೇಲೆ ದರದರ ಎಳೆಯುವುದೂ ಚರ್ಮ ಸುಲಿಯುವ ಕೆಲಸವೇ. ಕೆಳಗೊಂದು ಅಡ್ಡ ಚಾದರ ಹಾಸಿ, ಇಬ್ಬರು ಎರಡು ಕಡೆ ಹಿಡಿದು, ಚಾದರದ ಸಮೇತ ಎತ್ತಿ ಸರಿಸಬೇಕು.

ಲಕ್ವಾ ಆದವರನ್ನು ಹಾಸಿಗೆಯಿಂದ ಕುರ್ಚಿಗೆ ಕೂರಿಸುವುದು ಇನ್ನೊಂದು ಹದ. ಕುರ್ಚಿಯನ್ನು ಬಲವಿರುವ ಕೈಯ ಕಡೆಗೆ ಇಡಬೇಕು. ಗಾಲಿಕುರ್ಚಿಯಾದರೆ ಬ್ರೇಕ್ ಹಾಕಿ, ಕಾಲಿಡುವ ಹಲಗೆ ಮಡಚಬೇಕು. ರೋಗಿಯನ್ನು ಮೊದಲು ಹಾಸಿಗೆಯ ಅಂಚಿನಲ್ಲಿ ಕೂರಿಸಿ ತಲೆಸುತ್ತು ಹೋಗುವ ತನಕ ಕಾಯಬೇಕು. ಆಮೇಲೆ ಅವರ ಮುಂದೆ ನಿಂತು, ನಿಮ್ಮ ಬೆನ್ನು ಬಾಗಿಸದೆ ಮಂಡಿ ಬಾಗಿಸಿ, ಅವರ ಸೊಂಟಕ್ಕೆ ಕಟ್ಟಿದ ಬೆಲ್ಟ್ ಹಿಡಿದು, ‘ಒಂದು, ಎರಡು, ಮೂರು’ ಎಂದು ಅವರಿಂದಲೇ ಎಣಿಸಿಕೊಂಡು ಏಳಿಸಬೇಕು. ಸೋತ ಕೈಯನ್ನಾಗಲಿ ಕಂಕುಳನ್ನಾಗಲಿ ಹಿಡಿದು ಎಳೆದರೆ ಭುಜದ ಕೀಲು ಜಾರುತ್ತದೆ, ಆ ನೋವು ವರ್ಷಗಟ್ಟಲೆ ಉಳಿಯಬಹುದು. ಎಣಿಕೆ ಏಕೆ ಎಂದರೆ, ಎಣಿಸುವವರು ತಾವೂ ಸ್ವಲ್ಪ ಶಕ್ತಿ ಹಾಕುತ್ತಾರೆ. ತಾವೇ ಮಾಡಬಲ್ಲ ಕೆಲಸವನ್ನು ಅವರೇ ಮಾಡುವಂತೆ ಬಿಡುವುದು ಈ ಉದ್ಯೋಗದ ಅತಿ ಕಷ್ಟದ ಪಾಠ. ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ಹಿಡಿದರೂ ಬಿಡಬೇಕು.

ಊಟದ ವಿಷಯದಲ್ಲಿ ಆತುರ ಮಾಡಿದರೆ ಜೀವಕ್ಕೇ ಕುತ್ತು. ನೇರ ಕೂರಿಸಿ, ಗಲ್ಲ ತುಸು ಕೆಳಗೆ ಬಾಗಿಸಿ, ಚಿಕ್ಕ ಚಮಚದಲ್ಲಿ ಕೊಟ್ಟು, ನುಂಗಿದ್ದು ಕಂಡ ಮೇಲೆ ಇನ್ನೊಂದು ತುತ್ತು. ಊಟದ ನಂತರ ಅರ್ಧ ತಾಸು ಮಲಗಿಸಬಾರದು. ನೀರು ಕುಡಿದಾಗ ಕೆಮ್ಮು ಬರುತ್ತಿದ್ದರೆ, ಊಟದ ನಂತರ ಗಂಟಲು ಗೊರಗೊರ ಎನ್ನುತ್ತಿದ್ದರೆ ಅನ್ನ ನೀರು ಶ್ವಾಸಕೋಶಕ್ಕೆ ಇಳಿಯುತ್ತಿರಬಹುದು, ಡಾಕ್ಟರಿಗೆ ಅಂದೇ ತಿಳಿಸಬೇಕು. ಆಹಾರ ಕೊಡಲು ಹಾಕಿದ ಮೂಗಿನ ನಳಿಕೆ ಕಳಚಿಬಿದ್ದರೆ ಮತ್ತೆ ಹಾಕುವುದು ನರ್ಸಿನ ಕೆಲಸ, ಕೇರ್‌ಟೇಕರ್ ಮುಟ್ಟಬಾರದು. ಮೂತ್ರದ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗೆ ತೂಗುತ್ತಿರಬೇಕು, ಆದರೆ ನೆಲಕ್ಕೆ ತಾಗಬಾರದು.

ಔಷಧಿಯಲ್ಲಿ ಕೇರ್‌ಟೇಕರ್‌ನ ಪಾಲು ಇಷ್ಟೇ: ಮನೆಯವರು ತುಂಬಿಟ್ಟ ಡಬ್ಬಿಯಿಂದ ಹೊತ್ತಿಗೆ ಸರಿಯಾಗಿ ತೆಗೆದುಕೊಡುವುದು, ನುಂಗಿದರೇ ಎಂದು ನೋಡುವುದು, ಬರೆದಿಡುವುದು. ಶುಗರ್ ಇರುವವರು ಬೆವತು, ನಡುಗಿ, ಏನೇನೋ ಮಾತಾಡತೊಡಗಿದರೆ, ಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ, ಎಚ್ಚರವಿರುವ ರೋಗಿಗೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, 108ಕ್ಕೆ ಫೋನ್ ಮಾಡಬೇಕು.

ಇದಕ್ಕೆಲ್ಲ ಬೇಕಾದ ಸಾಮಗ್ರಿ ಒಂದು ಇಪ್ಪತ್ತು ರೂಪಾಯಿಯ ನೋಟ್‌ಬುಕ್. ಎಷ್ಟು ಹೊತ್ತಿಗೆ ಮಗ್ಗುಲು ಬದಲಿಸಿದೆ, ಎಷ್ಟು ನೀರು ಕುಡಿದರು, ಮೂತ್ರ ಎಷ್ಟು, ಮಲ ಹೋಯಿತೋ ಇಲ್ಲವೋ, ಬಿ.ಪಿ. ಎಷ್ಟು, ಇವತ್ತು ಏನು ಹೊಸತು ಕಂಡಿತು. ಬರೆಯುವುದು ಕನ್ನಡದಲ್ಲೋ ಮರಾಠಿಯಲ್ಲೋ ಇರಲಿ. ರಾತ್ರಿ ಎಂಟಕ್ಕೆ ಬಂದವರು ಹಗಲಿನವರ ಪುಟ ಓದಿದರೆ ಅರ್ಧ ಕೆಲಸ ಆದಂತೆ. ನನ್ನ ಕೇಳಿದರೆ, ನೋಟ್‌ಬುಕ್ ಇಡದ ಕೇರ್‌ಟೇಕರ್ ಎಷ್ಟೇ ಒಳ್ಳೆಯವರಾದರೂ ಅರ್ಧ ಕೇರ್‌ಟೇಕರ್.

ಮರೆವಿನ ಕಾಯಿಲೆಯ ಮನೆಗಳಲ್ಲಿ ಕನ್ನಡದವರಿಗೆ ಒಂದು ವಿಶೇಷ ಕಷ್ಟವಿದೆ. ಐವತ್ತು ವರ್ಷ ಇಲ್ಲೇ ಬಾಳಿ, ಮಾರ್ಕೆಟ್ಟಿನಲ್ಲಿ ಮರಾಠಿ, ಆಫೀಸಿನಲ್ಲಿ ಹಿಂದಿ ಆಡಿದವರು ಡಿಮೆನ್ಷಿಯಾ ಹೆಚ್ಚಾದಂತೆ ಕೊನೆಗೆ ಕಲಿತ ಭಾಷೆಗಳನ್ನು ಮೊದಲು ಕಳೆದುಕೊಳ್ಳುವುದು ಸಾಮಾನ್ಯ. ಕಲಬುರಗಿ, ವಿಜಯಪುರದ ಕಡೆಯ ಅಜ್ಜಿ ಉಳಿಸಿಕೊಳ್ಳುವುದು ಅಲ್ಲಿಯ ಕನ್ನಡವನ್ನು, ಉಡುಪಿ ಕಡೆಯ ಹೋಟೆಲ್ ಯಜಮಾನರು ತುಳುವನ್ನು. ‘ಉಚ್ಚಿ ಬಂದೈತಿ’ ಎಂದು ಅಜ್ಜಿ ಹೇಳಿದ್ದು ಮರಾಠಿ ಮಾವಶಿಗೆ ತಿಳಿಯುವುದಿಲ್ಲ. ಹಾಸಿಗೆ ಒದ್ದೆಯಾಗುತ್ತದೆ, ಅಜ್ಜಿ ರೇಗುತ್ತಾಳೆ, ‘ತುಂಬಾ ಹಟ’ ಎಂದು ದೂರು ಬರುತ್ತದೆ. ಕನ್ನಡ ಬಲ್ಲ ಕೇರ್‌ಟೇಕರ್ ಸಿಕ್ಕರೆ ಪುಣ್ಯ. ಸಿಗದಿದ್ದರೆ ನೀರು, ಹಸಿವು, ನೋವು, ಚಳಿ, ಉಚ್ಚೆ, ಸಾಕು ಎಂಬಂಥ ಹತ್ತು ಹನ್ನೆರಡು ಮಾತುಗಳನ್ನು, ಅಜ್ಜಿ ಆಡುವ ರೀತಿಯಲ್ಲೇ, ದೇವನಾಗರಿಯಲ್ಲಿ ದಪ್ಪಕ್ಷರದಿಂದ ಬರೆದು ಹಾಸಿಗೆಯ ಮೇಲಿನ ಗೋಡೆಗೆ ಅಂಟಿಸಿ. ಸಂಜೆಯಾದೊಡನೆ ‘ಊರಿಗೆ ಹೋಗಬೇಕು, ಬಸ್ಸು ತಪ್ಪತೈತಿ’ ಎಂದು ಸೆರಗು ಕಟ್ಟುವವರಿಗೆ ‘ನಿಮ್ಮೂರು ಎಲ್ಲಿದೆ, ಇದೇ ನಿಮ್ಮ ಮನೆ’ ಎಂದು ವಾದ ಹೂಡಿ ಪ್ರಯೋಜನವಿಲ್ಲ. ‘ಹೋಗೂಣೆವ್ವ, ಮೊದಲ ಉಂಡ ಹೋಗೂಣು’ ಎಂದರೆ ಆ ಹೊತ್ತು ದಾಟುತ್ತದೆ.

ಮಾನಸಿಕ ಕಾಯಿಲೆ ಇರುವವರ ಮನೆಗಳಿಗೂ ಕೆಲಸಕ್ಕೆ ಕರೆ ಬರುತ್ತದೆ. ಠಾಣೆಯಲ್ಲಿ 1901ರಿಂದ ಮನೋರೋಗ ಆಸ್ಪತ್ರೆ ಇದ್ದು, ಅಲ್ಲಿಂದ ಮನೆಗೆ ಬಂದವರು ಮಾತ್ರೆ ತಪ್ಪಿಸದಂತೆ ನೋಡಿಕೊಳ್ಳುವುದು ಮುಖ್ಯ ಕೆಲಸ. ‘ಹಗ್ಗದಲ್ಲೋ ಸರಪಳಿಯಲ್ಲೋ ಸ್ವಲ್ಪ ಹೊತ್ತು ಕಟ್ಟಿಬಿಡು’ ಎಂದು ಮನೆಯವರೇ ಹೇಳಿದರೂ ಒಪ್ಪಬಾರದು. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಯಾವ ರೂಪದಲ್ಲೂ ಒಪ್ಪುವುದಿಲ್ಲ.

ಕಾನೂನಿನ ಇನ್ನೆರಡು ಮಾತು ಹೆಚ್ಚಿನವರಿಗೆ ಗೊತ್ತಿಲ್ಲ. ಅಸಹಾಯಕರನ್ನು ನೋಡಿಕೊಳ್ಳುತ್ತೇನೆಂದು ಕರಾರು ಮಾಡಿಕೊಂಡು, ಬೇಕೆಂದೇ ಆ ಕರ್ತವ್ಯ ಬಿಟ್ಟರೆ ಭಾರತೀಯ ನ್ಯಾಯ ಸಂಹಿತೆಯ 357ನೇ ಕಲಮಿನಂತೆ ಮೂರು ತಿಂಗಳವರೆಗೆ ಸೆರೆ, ಅಥವಾ ₹5,000ದವರೆಗೆ ದಂಡ, ಅಥವಾ ಎರಡೂ ಆಗಬಹುದು. ಹಿರಿಯ ನಾಗರಿಕರನ್ನು ತೊರೆದುಹೋಗುವ ಉದ್ದೇಶದಿಂದ ಎಲ್ಲೋ ಬಿಟ್ಟುಬರುವವರಿಗೆ, ಅವರು ಮಕ್ಕಳೇ ಆಗಿರಲಿ, ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯ 24ನೇ ಕಲಮಿನಲ್ಲಿ ಇಷ್ಟೇ ಶಿಕ್ಷೆ ಇದೆ. ಹಾಗಾಗಿ ಬದಲಿಯವರು ಬರುವ ತನಕ ರೋಗಿಯನ್ನು ಒಬ್ಬರನ್ನೇ ಬಿಟ್ಟು ಎದ್ದು ಹೋಗಬೇಡಿ. ಜಗಳವಿದ್ದರೆ ಫೋನ್ ಮಾಡಿ, ಕರೆಸಿ, ಒಪ್ಪಿಸಿ ಹೋಗಿ. ಕೆಲಸದವರಿಗೂ ರಕ್ಷಣೆ ಇದೆ. ಮನೆಯಲ್ಲಿ ಯಾರಾದರೂ ಮೈಮೇಲೆ ಕೈಹಾಕಿದರೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು, ಮನೆಗೆಲಸದವರೂ ಆ ಕಾಯ್ದೆಯೊಳಗೆ ಬರುತ್ತಾರೆ.

ಹಣ, ಒಡವೆ ವಿಚಾರದಲ್ಲಿ ನಾಚಿಕೆ ಬೇಡ. ರೋಗಿಯ ಮೈಮೇಲಿರುವ ಚಿನ್ನವನ್ನು ಮೊದಲ ದಿನವೇ ಬರೆದು ಇಬ್ಬರೂ ಸಹಿ ಹಾಕಿ. ಎಟಿಎಂ ಕಾರ್ಡ್, ಪಿನ್ ನಂಬರ್ ಕೇರ್‌ಟೇಕರ್ ಕೈಗೆ ಕೊಡಬಾರದು, ಕೊಟ್ಟರೂ ಅವರು ತೆಗೆದುಕೊಳ್ಳಬಾರದು. ಕಳ್ಳತನದ ಅಪವಾದ ಬಂದಾಗ ಕೆಲಸದವರನ್ನು ಕಾಪಾಡುವುದೂ ಆ ಸಹಿಯೇ.

ಕೊನೆಗೆ ಮಳೆ. ವಾಲಧುನಿ ನದಿ ಹರಿಯುವ ಈ ಭಾಗದಲ್ಲಿ ಜುಲೈ ಬಂತೆಂದರೆ ಹಳಿ ಮುಳುಗುವುದು ಹೊಸತಲ್ಲ. 2019ರ ಜುಲೈ 27ರಂದು ಇದೇ ಮಾರ್ಗದಲ್ಲಿ, ಬದಲಾಪುರ ದಾಟಿ ವಾಂಗಣಿಯ ಹತ್ತಿರ, ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಿನ ನಡುವೆ ಸಿಕ್ಕಿಬಿದ್ದು ಸಾವಿರದಷ್ಟು ಪ್ರಯಾಣಿಕರನ್ನು ದೋಣಿಗಳಲ್ಲಿ ಕರೆತರಬೇಕಾಯಿತು. ಅಂಥ ದಿನ ಹಗಲಿನವರು ಬರುವುದಿಲ್ಲ, ರಾತ್ರಿಯವರು ಹೋಗಲಾಗುವುದಿಲ್ಲ. ಎರಡು ದಿನದ ಡೈಪರ್, ಔಷಧಿ, ಕೇರ್‌ಟೇಕರ್‌ಗೂ ಆಗುವಷ್ಟು ಅಕ್ಕಿ ಬೇಳೆ ಮನೆಯಲ್ಲಿರಲಿ. ಹೆಚ್ಚುವರಿ ತಾಸುಗಳಿಗೆ ಎಷ್ಟು ಕೊಡುತ್ತೀರಿ ಎಂಬುದನ್ನು ಮೇ ತಿಂಗಳಲ್ಲೇ ಮಾತಾಡಿಕೊಳ್ಳಿ. ಲಿಫ್ಟ್ ಇಲ್ಲದ ಹಳೆಯ ಕಟ್ಟಡವಾದರೆ ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ ಕೆಳಗಿಳಿಸಲು ಅಕ್ಕಪಕ್ಕದ ಯಾವ ನಾಲ್ವರು ಬರುತ್ತಾರೆ ಎಂದು ಕೇಳಿಟ್ಟುಕೊಳ್ಳಿ. ಬಾಗಿಲ ಹಿಂದೆ ನಾಲ್ಕು ನಂಬರ್ ಬರೆದಿರಲಿ: ಆಂಬುಲೆನ್ಸ್ 108, ಪೊಲೀಸ್ 112, ಹಿರಿಯ ನಾಗರಿಕರ ಸಹಾಯವಾಣಿ 14567, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416. ಕೊನೆಯದು ರೋಗಿಗೆ ಮಾತ್ರ ಎಂದುಕೊಳ್ಳಬೇಡಿ, ಹನ್ನೆರಡು ತಾಸು ಅವರ ಜೊತೆ ಕಳೆದು ಮನೆಗೆ ಹೋಗುವವರೂ ಆ ನಂಬರಿಗೆ ಫೋನ್ ಮಾಡಬಹುದು.